ಗ್ರೀಕ್ ಹಲಗೆಗಳಿಗೆ ಬಿದ್ದ ಶುಕ್ರವಾರದ ಸೋಪು

ಕೋವಿಡ್ ತಗ್ಗಿ ಕಚೇರಿಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮರಗೆಲಸದ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮೊದಲು ಪೀಣ್ಯದ ಪೀಠೋಪಕರಣ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿ ಸೇರಿ ಫೋರ್‌ಮನ್ ಆಗಿದ್ದವನು. ಏಳನೇ ತರಗತಿಯ ನಂತರದ ವಿದ್ಯೆಯನ್ನು ಕಾರ್ಖಾನೆಯೂ ಲೈಬ್ರರಿಯೂ ಕಲಿಸಿದವು. ಆ ಕಂಪನಿಯಲ್ಲಿ ನಡೆದದ್ದನ್ನು ಇಂದಿಗೂ ‘ಕಸ ಗುಡಿಸುವವಳು ಹಾಳು ಮಾಡಿದ ಕಲಾಕೃತಿ’ ಎಂದೇ ಹೇಳುತ್ತಾರೆ. ನಾನು ಅಲ್ಲಿದ್ದೆ. ಅದು ಹಾಗೆ ನಡೆಯಲಿಲ್ಲ.

ಕಚೇರಿಯ ಒಳಾಂಗಣ ಸ್ಕ್ಯಾಂಡಿನೇವಿಯನ್ ಶೈಲಿಯದು. ಬಿಳಿ ಗೋಡೆ, ತೆಳುಬಣ್ಣದ ಮರ, ಹೊಳಪಿಲ್ಲದ ಮೈ. ಆ ಶೈಲಿಯಲ್ಲಿ ಮರಕ್ಕೆ ಪಾಲಿಶ್ ಹಾಕುವುದಿಲ್ಲ. ಸೋಪಿನ ಚೂರುಗಳನ್ನು ಬಿಸಿನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿ ಬಟ್ಟೆ ಅದ್ದಿ ಮತ್ತೆ ಮತ್ತೆ ಒರೆಸುತ್ತಾರೆ. ಇದಕ್ಕೆ ಸೋಪ್ ಫಿನಿಶ್ ಎಂದು ಹೆಸರು. ಒರೆಸಿದಷ್ಟೂ ಮರ ಬೆಳ್ಳಗಾಗುತ್ತದೆ. ಡಿಸೈನರ್ ಶಾಲಿನಿ ಮೇಡಂ ಹೌಸ್‌ಕೀಪಿಂಗ್‌ನವರನ್ನು ಸಾಲಾಗಿ ನಿಲ್ಲಿಸಿ ನನ್ನೆದುರೇ ಹೇಳಿದ್ದರು: “ಪಾಲಿಶ್ ಇಲ್ದಿರೋ ಮರ ಎಲ್ಲೇ ಕಂಡ್ರೂ ಪ್ರತಿ ಶುಕ್ರವಾರ ಸೋಪು ಹಾಕ್ಬೇಕು. ಒಂದನ್ನೂ ಬಿಡ್ಬೇಡಿ.”

ಕೆಲವು ವಾರಗಳ ನಂತರ ಗ್ರೀಸ್‌ನಿಂದ ಒಂದು ಪೆಟ್ಟಿಗೆ ಬಂತು. ಅಲ್ಲಿನ ಸಮಕಾಲೀನ ಕಲಾವಿದೆಯೊಬ್ಬರು ಹಳೆಯ ಮೀನುಗಾರಿಕೆ ದೋಣಿಯ ಹಲಗೆಗಳ ಮೇಲೆ ಬಣ್ಣ ಹಚ್ಚಿ ಮಾಡಿದ ಕೃತಿ ಅದು. ಗಾಢ ನೀಲಿ, ಇಟ್ಟಿಗೆಗೆಂಪು, ನಡುವೆ ಸುಟ್ಟಂಥ ಕಪ್ಪು. ನೂರು ವರ್ಷದ ದೋಣಿಯೆಂದು ಕಂಪನಿಯವರು ಅತಿಥಿಗಳಿಗೆ ಹೇಳುತ್ತಿದ್ದರು; ಅದರಲ್ಲಿದ್ದ ಈಚಿನ ಕಾಲದ ಮೊಳೆಗಳನ್ನು ನೋಡಿದ್ದ ನಾನು ಅದನ್ನು ನಂಬಲಿಲ್ಲ. ಬಣ್ಣವನ್ನು ನೀರಿಗೆ ಕರಗುವ ಅಂಟಿನಲ್ಲಿ ಕಲಸಿ ಹಚ್ಚಿದ್ದರು, ಮೇಲೆ ವಾರ್ನಿಶ್ ಇರಲಿಲ್ಲ. ಅದನ್ನು ರಿಸೆಪ್ಷನ್‌ನ ಗೋಡೆಗೆ ಏರಿಸಿದವನು ನಾನೇ. ಮುಂದೆ ಗಾಜು ಹಾಕೋಣವೆಂದೆ.

“ಗಾಜು, ಅಡ್ಡ ಹಗ್ಗ, ಹೆಸರಿನ ಬೋರ್ಡು ಎಲ್ಲಾ ಮ್ಯೂಸಿಯಂಗೆ ಮೇಸ್ತ್ರಿಗಳೇ. ಇಲ್ಲಿ ಅದು ಕುರ್ಚಿ ಮೇಜಿನ ಜೊತೆ ಸಲೀಸಾಗಿ ಇರ್ಬೇಕು,” ಎಂದರು ಶಾಲಿನಿ ಮೇಡಂ.

ರಿಸೆಪ್ಷನ್ ಹೌಸ್‌ಕೀಪಿಂಗ್‌ನ ಗಂಗಮ್ಮನ ಪಾಲಿನ ಜಾಗ. ಯಾದಗಿರಿ ಕಡೆಯ ಹೆಂಗಸು. ಗಂಡ ಕಟ್ಟಡ ಕಟ್ಟುವಾಗ ಸಾರುವೆಯ ಅಟ್ಟಣೆಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಬಾಡಿಗೆ ಕೋಣೆಯ ಆ ಸಂಸಾರ ಅವಳೊಬ್ಬಳ ದುಡಿಮೆಯ ಮೇಲೆ ನಿಂತಿತ್ತು. ಶುಕ್ರವಾರ ಬೆಳಿಗ್ಗೆ, ನಾವು ಯಾರೂ ಬರುವ ಮೊದಲೇ ಅವಳ ಕೆಲಸ ಮುಗಿದಿರುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಶಾಲಿನಿ ಮೇಡಂ ಒಂದು ದಿನ ಗೋಡೆಯೆದುರು ನಿಂತು ನನ್ನನ್ನು ಕರೆದರು. “ನೋಡಿ, ಈಗ ರೂಮಿಗೆ ಒಪ್ತು. ಮೊದ್ಲು ಸ್ವಲ್ಪ ಕಿರುಚ್ತಿತ್ತು ಅಲ್ವಾ?” ಹೌದು, ಬಣ್ಣ ಇಳಿದಿತ್ತು. ಗಾಜಿನ ಗೋಡೆಯಿಂದ ಬರುವ ಬಿಸಿಲಿಗೆ ಮಾಸಿದೆಯೆಂದು ಇಬ್ಬರೂ ಅಂದುಕೊಂಡೆವು. ಅವರು ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಎಲ್ಲರೂ ಚೆನ್ನಾಗಿದೆ ಎಂದರು.

ಚಳಿಗಾಲದಲ್ಲಿ ಕಲಾವಿದೆಯೇ ಬಂದರು. ಹಲಗೆಗಳ ಮೇಲೆ ಅಂಗೈ ಆಡಿಸಿದರು. “ಇದು ನನ್ನದಲ್ಲ,” ಎಂದರು ಇಂಗ್ಲಿಷಿನಲ್ಲಿ, ದನಿ ಏರಿಸದೆ.

ಫೆಸಿಲಿಟಿ ಮ್ಯಾನೇಜರ್ ಕಿರಣ್ ವಿಚಾರಿಸಿದಾಗ ಸೋಪಿನ ಸಂಗತಿ ಹೊರಬಿತ್ತು. ಗಂಗಮ್ಮನನ್ನು ಕರೆಸಿದರು. “ಬುದ್ಧಿ ಇದ್ಯೇನಮ್ಮಾ ನಿಂಗೆ? ಇದನ್ನ ಮುಟ್ಟು ಅಂತ ಯಾರು ಹೇಳಿದ್ರು? ನಾಳೆಯಿಂದ ಬರ್ಬೇಡ.”

“ಕಟಗಿ ಎಲ್ಲಾ ತೊಳಿ ಅಂದ್ರಲ್ರಿ ಸಾರ್,” ಎಂದಳು.

ಶಾಲಿನಿ ಮೇಡಂ ನೆಲ ನೋಡುತ್ತಿದ್ದರು. ನಾನು ಹೇಳಿದೆ: “ಒಂದನ್ನೂ ಬಿಡಬೇಡಿ ಅಂತ ಹೇಳಿದ್ದು ನೀವು, ಮೇಡಂ. ಬಣ್ಣ ಇಳಿದ ಮೇಲೆ ಫೋಟೋ ಕಳಿಸಿದ್ದೂ ನೀವೇ.”

“ಬಿಟ್ಹಾಕಿ ಮೇಸ್ತ್ರಿಗಳೇ, ನಿಮ್ಗ್ಯಾಕೆ ಇದೆಲ್ಲಾ,” ಎಂದರು ಕಿರಣ್. ನಾನು ಬಿಡಲಿಲ್ಲ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಅದನ್ನೇ ಕಲಾವಿದೆಗೂ ಹೇಳಿದೆ. ಅವರು ಫೋಟೋ ಕೇಳಿದರು. ಶಾಲಿನಿ ಮೇಡಂ ಫೋನ್ ಕೊಟ್ಟರು. ಕಲಾವಿದೆ ಅದನ್ನು ನೋಡಿ ಹಿಂತಿರುಗಿಸಿ, ಬಣ್ಣ ಹಿಡಿಸಲಿಲ್ಲವೇ ಎಂದು ಗಂಗಮ್ಮನನ್ನು ಕೇಳುವಂತೆ ನನಗೆ ಹೇಳಿದರು. ನಾನು ಕೇಳಿದೆ.

“ಭಾಳ ಚಂದ ಇದ್ವುರಿ. ಆದ್ರ ಸುತ್ತಮುತ್ತ ಎಲ್ಲಾ ಬೆಳ್ಳಗ ಐತಲ್ರಿ, ಇದೊಂದನ್ನ ತೊಳಿಯೋದು ಬಿಟ್ಟಾರ ಅನ್ಕೊಂಡೆ.”

ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಕಲಾವಿದೆ ತಲೆಯಾಡಿಸಿದರು. ಈ ಹೆಂಗಸು ಕೆಲಸದಲ್ಲಿ ಉಳಿಯಬೇಕು, ಇನ್ನು ಈ ಹಲಗೆಗಳಿಗೆ ತಮ್ಮ ಹೆಸರು ಹೇಳಬಾರದು, ಅವನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಹೇಳಿ ಕಾರು ಹತ್ತಿದರು.

ಗಂಗಮ್ಮ ಉಳಿದಳು. ಬಕೆಟ್ ಎತ್ತಿಕೊಂಡು ಹೋದಳು. ಹಲಗೆಗಳನ್ನು ಬೆಂಚು ಮಾಡಿಕೊಡಿ ಎಂದು ಮುಂದಿನ ತಿಂಗಳು ಶಾಲಿನಿ ಮೇಡಂ ಕೇಳಿದರು. ಮಾಡಿಕೊಟ್ಟೆ. ರಂದ ಹೊಡೆದು ಮೈ ನಯ ಮಾಡುವಾಗ ಉಳಿದಿದ್ದ ಕೆಂಪೂ ಮರದ ಹೆರೆಚೂರುಗಳೊಂದಿಗೆ ಹೋಯಿತು. ಕೋಪ ಬರಲಿಲ್ಲ, ದುಃಖವೂ ಆಗಲಿಲ್ಲ. ಬೆಂಚು ಆ ಕೋಣೆಗೆ ಚೆನ್ನಾಗಿ ಒಪ್ಪಿತು. ಜನ ಅದರ ಮೇಲೆ ಕೂತೇ ಒಬ್ಬ ದಡ್ಡ ಹೆಂಗಸಿನ ಕಥೆ ಹೇಳುತ್ತಾರೆ.

ವೃತ್ತಿಯಿಂದ ನಾನು ಕಲಿತದ್ದು ಇಷ್ಟು: ಒಂದು ವಸ್ತು ಹಾಳಾದಾಗ ಅದನ್ನು ಕೊನೆಗೆ ಮುಟ್ಟಿದವರು ಯಾರೆಂದು ಎಲ್ಲರೂ ಕೇಳುತ್ತಾರೆ. ಅದು ಹಾಳಾಗುತ್ತಿದ್ದಷ್ಟು ದಿನ ನಿಂತು ಮೆಚ್ಚಿದವರು ಯಾರೆಂದೂ ಕೇಳಬೇಕು.