ಅತ್ಯುನ್ನತ ದರ್ಜೆಯ ಅತಿಥಿ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಮೈಯೆಲ್ಲ ಎಚ್ಚರವಾಗುತ್ತದೆ. ಇದು ಅಮ್ಮನಿಂದ ಬಂದ ಬಳುವಳಿ. ಚಹಾಪುಡಿಯ ಪೊಟ್ಟಣದ ಜೊತೆ ಸ್ಟೀಲಿನ ಚಮಚ ಬಂದರೆ ಅಮ್ಮ ಚಮಚವನ್ನು ಪಕ್ಕಕ್ಕಿಟ್ಟು, ಮೊದಲು ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದಳು. ಅಂಥವಳ ಮಗಳು ನಾನು. ಒಂದು ದೊಡ್ಡ ಹೋಟೆಲ್ ಕಂಪನಿ ನನ್ನ ಗಂಡನಿಗೆ ‘ನೀವು ನಮ್ಮ ಅತ್ಯುನ್ನತ ದರ್ಜೆಯ ಅತಿಥಿ’ ಎಂದು ಕಾರ್ಡು ಕಳಿಸಿದಾಗ ಇವರು ಅದನ್ನು ಊಟದ ಮೇಜಿನ ಮೇಲಿಟ್ಟು ಹಿಗ್ಗುತ್ತಿದ್ದರೆ, ನಾನು ಕೇಳಿದ್ದು ಒಂದೇ ಪ್ರಶ್ನೆ.

“ನಮ್ಮಿಂದ ಅವ್ರಿಗೆ ಏನು ಬೇಕಂತೆ?”

“ಏನೂ ಬೇಡ ಕಣೆ. ಲಾಯಲ್ಟಿಗೆ ಕೊಡೋ ಮರ್ಯಾದೆ ಇದು,” ಎಂದರು.

ಇವರದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ. ಬಯೋಟೆಕ್ ಲ್ಯಾಬುಗಳಿಗೆ ಯಂತ್ರ ಮಾರುವ ಕಂಪನಿ. ವರ್ಷಗಟ್ಟಲೆ ಊರೂರು ಸುತ್ತಿ, ಹೋಟೆಲುಗಳಲ್ಲಿ ಮಲಗಿ ಎದ್ದು ಆ ದರ್ಜೆ ಸಂಪಾದಿಸಿದ್ದರು. ವರ್ಷಕ್ಕೆ ಇಷ್ಟು ರಾತ್ರಿ ಎಂದು ಹೋಟೆಲಿನವರದೊಂದು ಲೆಕ್ಕ. ಅಷ್ಟು ರಾತ್ರಿ ಅವರ ಹಾಸಿಗೆಯಲ್ಲಿ ಕಳೆದರೆ ಮರುವರ್ಷ ದೊಡ್ಡ ಕೋಣೆ, ಬಿಟ್ಟಿ ತಿಂಡಿ, ಕೋಣೆ ಖಾಲಿ ಮಾಡಲು ಮಧ್ಯಾಹ್ನದವರೆಗೆ ಸಮಯ. ಕಡಿಮೆ ಬಿದ್ದರೆ ಎಲ್ಲ ವಾಪಸ್ಸು. ಕೊಟ್ಟ ಮರ್ಯಾದೆಯನ್ನು ಪ್ರತಿ ವರ್ಷ ಕಿತ್ತುಕೊಳ್ಳುವವರು ಅದೆಂಥ ಮರ್ಯಾದೆ ಕೊಟ್ಟ ಹಾಗಾಯಿತು ಎಂದು ನಾನು ಕೇಳಿದ್ದೂ ಉಂಟು.

ಆಮೇಲೆ ಮೀಟಿಂಗುಗಳೆಲ್ಲ ಕಂಪ್ಯೂಟರ್ ಪರದೆಗೆ ಬಂದವು, ಇವರ ತಿರುಗಾಟ ತಗ್ಗಿತು. ಕಾರ್ಡು ಕೈತಪ್ಪುವ ಭಯ ಶುರುವಾಯಿತು. ವರ್ಷದ ಕೊನೆಗೆ, ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಂಚ ಹಾಸಿಗೆ ಎಲ್ಲ ಇದ್ದೂ, ನಾವಿಬ್ಬರು ಸೂಟ್‌ಕೇಸು ಹಿಡಿದು ಕೊಲ್ಲಿಯ ಮೇಲಿನ ಸೇತುವೆ ದಾಟಿ ಏರ್‌ಪೋರ್ಟಿನ ಹತ್ತಿರದ ಹೋಟೆಲಿಗೆ ಮಲಗಲು ಹೋಗುತ್ತಿದ್ದೆವು. ನಾನು ನನ್ನ ದಿಂಬು, ಚಟ್ನಿಪುಡಿ ಎರಡನ್ನೂ ಒಯ್ಯುತ್ತಿದ್ದೆ. ಮೇಲಿನ ಅಂತಸ್ತಿನ ಕೋಣೆ ಕೊಟ್ಟರು ಎಂದು ಇವರು ಬೀಗುತ್ತಿದ್ದರು. ಕೆಳಗಿನ ಕೋಣೆಯಿಂದ ಕಾಣುವ ಪಾರ್ಕಿಂಗ್ ಜಾಗವೇ ಅಲ್ಲಿಂದಲೂ ಕಾಣುತ್ತಿತ್ತು. ಬಿಟ್ಟಿ ತಿಂಡಿಯ ಸಾಲಿನಲ್ಲಿ ಮೊಟ್ಟೆ ಮಾಂಸ ಬಿಟ್ಟು ಇವರು ತಿನ್ನುತ್ತಿದ್ದದ್ದು ಕರ್ಬೂಜದ ಚೂರು. ಕೌಂಟರಿನ ಹುಡುಗಿ ಪ್ರತಿ ಸಲವೂ “ವೆಲ್ಕಮ್ ಹೋಮ್” ಅನ್ನುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು. ಮನೆ ಸೇತುವೆಯ ಆಚೆ ಇದೆಯಮ್ಮ, ಬಾಡಿಗೆ ನಾವೇ ಕಟ್ಟುತ್ತೇವೆ ಅನ್ನಬೇಕೆನಿಸುತ್ತಿತ್ತು.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ, ಇವರ ಅಕ್ಕ ಬರದೆ ಹೋಗಿದ್ದರೆ.

ಅಕ್ಕ ಧಾರವಾಡದವರು, ರಿಟೈರಾದ ಟೀಚರು. ಅತ್ತೆ ಮೊದಲಿನಿಂದಲೂ ಕಾಯಿಲೆಯವರಾದ್ದರಿಂದ ಚಿಕ್ಕಂದಿನಲ್ಲಿ ನನ್ನ ಗಂಡನಿಗೆ ಸ್ನಾನ ಮಾಡಿಸಿ, ಜಡ್ಡು ಬಂದರೆ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ್ದು ಅಕ್ಕನೇ. ಅತ್ತೆ ಮಾವ ಇಬ್ಬರೂ ಈಗಿಲ್ಲ. ಅಕ್ಕನಿಗೆ ತವರು ಅಂತ ಉಳಿದಿರುವುದು ಇವರೊಬ್ಬರೇ, ಅಂದರೆ ಯೂನಿಯನ್ ಸಿಟಿಯ ನಮ್ಮ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಟೆಕ್ಸಸ್ಸಿನಲ್ಲಿರುವ ಮಗಳ ಬಾಣಂತನಕ್ಕೆ ಬಂದವರು, ಊರಿಗೆ ಮರಳುವ ಮುಂಚೆ “ತವರಿಗೆ ಒಂದ್ ವಾರ ಬಂದ್ ಹೊಕ್ಕೀನಿ” ಎಂದು ಫೋನು ಮಾಡಿದರು. ಆ ಮಾತು ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ಕಾಲೇಜಿಗೆಂದು ಬೇರೆ ಊರಿಗೆ ಹೋದ ನಮ್ಮ ಮಗಳ ಕೋಣೆ ಖಾಲಿ ಮಾಡಿ ಹೊಸ ಹಾಸಿಗೆ ತಂದೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ನಾನು ಬೆಂಗಳೂರಿನವಳು. ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವ ವಿಜಯಪುರದ ಹೆಂಗಸೊಬ್ಬರ ಹತ್ತಿರ ಹೇಳಿ ಮಾಡಿಸಿ, ಎಣ್ಣೆಗಾಯಿ ಮಾಡಿ ಕಾದು ಕುಳಿತೆ.

ಏರ್‌ಪೋರ್ಟಿಗೆ ಹೋದ ಇವರಿಂದ ಫೋನು ಬಂತು. “ಊಟ ಕಟ್ಕೊಂಡು ಹೋಟೆಲಿಗೇ ಬಾ. ಅಕ್ಕಂಗೆ ಸರ್‌ಪ್ರೈಸು. ಇರೋದ್ರಲ್ಲೇ ದೊಡ್ಡ ರೂಮು ಕೊಟ್ಟಿದಾರೆ, ಇಡೀ ವಾರ ಇಲ್ಲೇ. ಅಕ್ಕ ರಾಣಿ ಹಾಗಿರ್ಲಿ.”

ನನಗೆ ಆಗಲೇ ಅನುಮಾನ ಬಂತು. ನಲವತ್ತು ದಾಟಿದ ಮೇಲೆ ಗಂಡಸರಿಗೆ ಅಕ್ಕಂದಿರ ಮೇಲೆ ಇದ್ದಕ್ಕಿದ್ದಂತೆ ಉಕ್ಕುವ ಪ್ರೀತಿಯನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಆದರೂ ರೊಟ್ಟಿಯ ಡಬ್ಬ ಕಾರಿಗಿಟ್ಟು ಹೊರಟೆ.

ಹೋಟೆಲಿನ ಲಾಬಿಯಲ್ಲಿ ಅಕ್ಕ ಸೋಫಾದ ಅಂಚಿಗೆ ಕುಳಿತಿದ್ದರು. ಇಳಕಲ್ ಸೀರೆ, ಮೇಲೊಂದು ಸ್ವೆಟರು. ತೊಡೆಯ ಮೇಲೆ ಉಂಡೆ ತುಂಬಿದ ಸ್ಟೀಲಿನ ಡಬ್ಬಿ. ತವರಿಗೆ ಬರಿಗೈಯಲ್ಲಿ ಹೋಗಬಾರದೆಂದು ಮಗಳ ಮನೆಯಲ್ಲಿ ಬೇಸನ್ ಉಂಡೆ ಕಟ್ಟಿಕೊಂಡು, ವಿಮಾನದಲ್ಲೂ ಕೈಬಿಡದೆ ತಂದಿದ್ದರು.

“ಮನೀಗೆ ಯಾವಾಗ ಹೋಗೂದೋ ತಮ್ಮಾ? ಇದನ್ನ ದೇವರ ಮುಂದ ಇಡಬೇಕು,” ಅಂದರು.

“ಅಕ್ಕಾ, ವಾರ ಪೂರ್ತಿ ನಿನ್ನ ವಸ್ತಿ ಇಲ್ಲೇ. ರೂಮ್ ನೋಡೀಗ, ಒಳಗ ಇನ್ನೊಂದ್ ರೂಮ್ ಐತಿ!” ಇವರ ಮುಖ ಅರಳಿತ್ತು.

ಅಕ್ಕ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಒಂದು ಗಳಿಗೆ ಅಷ್ಟೇ. ಇಪ್ಪತ್ತು ವರ್ಷ ಸೊಸೆಯಾಗಿ ಬಾಳಿದ ಯಾವ ಹೆಂಗಸಿಗೂ ಆ ನೋಟ ಬಿಡಿಸಿ ಹೇಳಬೇಕಾಗಿಲ್ಲ. ತಂಗಿಯೋ ಅಕ್ಕನೋ ತವರಿಗೆ ಬಂದಾಗ ಹೊರಗೆ ಇಳಿಸುತ್ತಾರೆಂದರೆ, ಆ ಮನೆಯ ಒಲೆಯ ಮುಂದೆ ನಿಂತವಳಿಗೆ ಅವಳು ಬೇಡವಾಗಿದ್ದಾಳೆ ಎಂದೇ ಅರ್ಥ. ತಮ್ಮ ಹೀಗೆ ಮಾಡುತ್ತಾನೆಂದು ಯಾರ ತಲೆಗೂ ಹೊಳೆಯುವುದಿಲ್ಲ.

ಅಷ್ಟರಲ್ಲಿ ಕೌಂಟರಿನ ಹುಡುಗಿ ಚಾಕೊಲೇಟಿನ ಡಬ್ಬ ಹಿಡಿದು ನಗುತ್ತಾ ಬಂದಳು. ಅಭಿನಂದನೆ ಸರ್, ಈ ಒಂದು ವಾರ ಮುಗಿದರೆ ಮುಂದಿನ ವರ್ಷಕ್ಕೂ ನಿಮ್ಮ ದರ್ಜೆ ಭದ್ರ, ನಿಮ್ಮ ನಿಷ್ಠೆಗೆ ಧನ್ಯವಾದ ಎಂದು ಇಂಗ್ಲಿಷಿನಲ್ಲಿ ಉಲಿದು ಹೋದಳು. ನನ್ನ ಅನುಮಾನಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಇವರು ಕಾರ್ಪೆಟ್ಟಿನ ಮೇಲಿನ ಬಳ್ಳಿ ಚಿತ್ತಾರ ನೋಡತೊಡಗಿದರು.

“ಏನಂದ್ಲಪಾ ಆಕಿ?” ಅಕ್ಕ ಕೇಳಿದರು.

“ಏನಿಲ್ಲಕ್ಕಾ. ನಿನಗ ವೆಲ್ಕಮ್ ಅಂದ್ಲು.”

ನಾನು ರೊಟ್ಟಿಯ ಡಬ್ಬ ಎತ್ತಿಕೊಂಡು ಕೋಣೆಗೆ ನಡೆದೆ. ಊಟ ಬಡಿಸಿ, ಇವರನ್ನು ಅಕ್ಕನ ಜೊತೆ ಅಲ್ಲೇ ಬಿಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ಇವರಿಗೆ ಏನೇನು ಅನ್ನಬೇಕೆಂದು ಫ್ರೀವೇ ಮೇಲೆ ಒಬ್ಬಳೇ ಅಂದುಕೊಂಡೆ.

ಮರುದಿನ ಡೇಕೇರಿನ ಕೆಲಸಕ್ಕೆ ರಜೆ ಹಾಕಿ ಹೋಟೆಲಿಗೆ ಹೋದೆ. ಇವರು ಆಗಲೇ ಆಫೀಸಿಗೆ ಹೋಗಿದ್ದರು. ಅಕ್ಕ ಸ್ನಾನ ಮಾಡಿ ಕಿಟಕಿಯ ಹತ್ತಿರ ನೆಲದ ಮೇಲೆ ಕುಳಿತಿದ್ದರು. ರಾಣಿಯ ಮಂಚದ ಹಾಸಿಗೆ ಮಡಿಕೆ ಮುರಿದಿರಲಿಲ್ಲ, ಸೂಟ್‌ಕೇಸು ತೆರೆದಿರಲಿಲ್ಲ. ಉಂಡೆಯ ಡಬ್ಬಿ ಟಿವಿಯ ಪಕ್ಕದಲ್ಲಿತ್ತು.

“ಬಾ, ಕೂಡು,” ಅಂದರು. ನಾನೂ ನೆಲಕ್ಕೇ ಕೂತೆ. “ಒಂದ್ ಮಾತ್ ಕೇಳ್ತೀನಿ, ಖರೆ ಹೇಳು. ನಾ ಬರೂದು ನಿನಗ ಬ್ಯಾಡಾಗಿತ್ತೇನು? ನಿನಗ ತ್ರಾಸ ಇದ್ರ ನಾ ಮಗಳ ಮನೀಗೆ ಹೊಳ್ಳಿ ಹೋಗ್ತೀನಿ. ಆದ್ರ ತಮ್ಮನ ಮನಸಿನ್ಯಾಗ ಏನರ ಐತೇನು, ಅದನ್ನಷ್ಟು ಹೇಳು.”

ಖರೆ ನನ್ನ ಬಾಯಿ ತುದಿಯಲ್ಲಿತ್ತು. ನಿಮ್ಮ ತಮ್ಮನಿಗೆ ಒಂದು ಕಾರ್ಡು ಬೇಕಾಗಿತ್ತು, ಅದಕ್ಕೆ ಒಂದಷ್ಟು ರಾತ್ರಿ ಕಡಿಮೆ ಬಿದ್ದಿತ್ತು, ನೀವು ಸಿಕ್ಕಿದಿರಿ ಎಂದುಬಿಟ್ಟರೆ ನನ್ನ ಹೆಸರು ತೊಳೆದಂತಾಗುತ್ತಿತ್ತು. ಅಕ್ಕನ ಕೈ ನೋಡಿದೆ. ಅವರು ಸೆರಗಿನ ಅಂಚನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಭಯಪಟ್ಟಿದ್ದರು. ನನ್ನ ಬಗ್ಗೆ ಅಲ್ಲ, ನಾನು ಹೇಳಬಹುದಾದ ಉತ್ತರದ ಬಗ್ಗೆ.

“ನಂದೇ ಅಕ್ಕ,” ಅಂದೆ. “ಮನೆ ಚಿಕ್ಕದು, ನಿಮಗೆ ಸರಿಹೋಗಲ್ಲ ಅಂತ ನಾನೇ ಅಂದಿದ್ದೆ. ಹೋಟೆಲು ಬೇಡ ಅಂತ್ಲೇ ಅವರು ಅಂದ್ರು.”

ಅಕ್ಕನ ಮುಖದಲ್ಲಿ ಆಗ ಕಂಡ ನಿರಾಳವನ್ನು ಮರೆಯಲಾರೆ. ಸಿಟ್ಟು ಬರಬಹುದೆಂದು ನಾನು ಕಾದರೆ, ಅವರ ಕಣ್ಣು ತುಂಬಿ ಬಂದವು.

“ಹಂಗಾದ್ರ ಅಂವಂದಲ್ಲ,” ಅಂದರು. “ನಂಗೊತ್ತಿತ್ತು, ಅಂವ ಹಂಗ ಮಾಡಾಂವಲ್ಲ.” ತಮ್ಮನ ಹೆಂಡತಿ ಕೆಟ್ಟವಳಿರಬಹುದು, ಲೋಕದಲ್ಲಿ ಎಷ್ಟೋ ಜನಕ್ಕೆ ಅಂಥವರಿದ್ದಾರೆ; ಅದನ್ನು ಅವರು ಕಣ್ಣೊರೆಸಿಕೊಂಡು ನುಂಗಿಬಿಟ್ಟರು. ಮೊಣಕಾಲಿಗೆ ಕೈಯೂರಿ ಎದ್ದು ಡಬ್ಬಿ ಎತ್ತಿಕೊಂಡರು. “ಏಳವಾ. ನನಗ ಸಣ್ಣ ಮನಿ ನಡೀತೈತಿ. ಹೋಗೂಣು.”

ಕೆಳಗೆ ಕೌಂಟರಿನಲ್ಲಿ ಕೀ ಕಾರ್ಡು ಇಟ್ಟೆ. ಹಿಂದಿನ ದಿನದ ಹುಡುಗಿಯೇ ಇದ್ದಳು. ಈಗಲೇ ಬಿಟ್ಟರೆ ಉಳಿದ ರಾತ್ರಿಗಳು ಲೆಕ್ಕಕ್ಕೆ ಬರುವುದಿಲ್ಲ, ಖಂಡಿತವಾಗಿ ಚೆಕೌಟ್ ಮಾಡಲೇ ಎಂದು ಕೇಳಿದಳು. ಖಂಡಿತ ಅಂದೆ. ಆ ಹೋಟೆಲಿನಲ್ಲಿ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ.

ಸಂಜೆ ಇವರು ಮನೆಗೆ ಬಂದಾಗ ಅಕ್ಕ ದೇವರ ಮುಂದಿಟ್ಟ ಉಂಡೆ ತಂದು ಅವರ ಕೈಗೆ ಹಾಕಿದರು. ಉಂಡೆ ತಿನ್ನುತ್ತಲೇ ಇವರು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು. ಅಕ್ಕನನ್ನು ಕರೆತಂದದ್ದಕ್ಕೆ ಏನಾದರೂ ಒಳ್ಳೆಯ ಮಾತು ಆಡುತ್ತಾರೆಂದುಕೊಂಡೆ.

“ಚೆಕೌಟ್ ಮಾಡ್ಸಿಲ್ಲ ತಾನೆ?” ದನಿ ತಗ್ಗಿಸಿ ಕೇಳಿದರು. “ರೂಮು ಖಾಲಿ ಬಿದ್ದಿದ್ರೂ ನೈಟ್ಸು ಕೌಂಟ್ ಆಗತ್ತೆ.”

“ಮಾಡ್ಸಿದೀನಿ.”

ಅವರು ಬಾಯಿ ತೆರೆಯುವಷ್ಟರಲ್ಲಿ ಹಾಲಿನಿಂದ ಅಕ್ಕನ ದನಿ ಬಂತು. “ತಮ್ಮಾ, ಆಕೀಗೆ ಏನೂ ಅನಬ್ಯಾಡ. ತಪ್ಪು ಒಪ್ಕೊಂಡಾಳ. ನಾ ಮನಸಿನ್ಯಾಗ ಇಟ್ಟಿಲ್ಲ.”

ಇವರು ನನ್ನನ್ನೇ ನೋಡಿದರು. ಏನಾಯಿತೆಂದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೋಗಿ ಅಕ್ಕನ ಪಕ್ಕ ಕುಳಿತರು.

ಆ ವಾರ ಚೆನ್ನಾಗಿಯೇ ಕಳೆಯಿತು. ಅಕ್ಕ ನನಗೆ ರೊಟ್ಟಿ ಬಡಿಯಲು ಕಲಿಸಿದರು, ನನ್ನ ರೊಟ್ಟಿ ನೋಡಿ ನಕ್ಕರು. ಆದರೂ ನಾನು ಏನು ಕೊಟ್ಟರೂ ಒಂದು ಗಳಿಗೆ ತಡೆದು ತೆಗೆದುಕೊಳ್ಳುತ್ತಿದ್ದರು. ಪುಕ್ಕಟೆ ಚಮಚವನ್ನು ಅಮ್ಮ ತೆಗೆದುಕೊಳ್ಳುತ್ತಿದ್ದ ಹಾಗೆಯೇ. ಒಂದು ಮಾತು ಸಾಕಾಗಿತ್ತು. ಅಕ್ಕಾ, ತಪ್ಪು ಆಕೆಯದಲ್ಲ, ನನ್ನದು ಎಂದು ಇವರು ಒಂದು ಮಾತು ಆಡಿದ್ದರೆ ಅಕ್ಕ ತಲೆಗೊಂದು ಮೊಟಕಿ ಮುಗಿಸುತ್ತಿದ್ದರು. ತಿಂಡಿಯ ಹೊತ್ತಿಗೆ ಆಡಬಹುದು, ಊಟಕ್ಕೆ ಕೂತಾಗ ಆಡಬಹುದು ಎಂದು ಕಾದೆ.

ಹೊರಡುವ ದಿನ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದೆ. ತವರಿನಿಂದ ಹೊರಡುವ ಹೆಣ್ಣಿಗೆ ಉಡಿ ತುಂಬದೆ ಕಳಿಸುವುದುಂಟೇ? ಅಕ್ಕ ಸೆರಗು ಹಿಡಿದುಕೊಂಡು ನನ್ನ ಗಲ್ಲ ಮುಟ್ಟಿದರು.

“ಇನ್ನೊಮ್ಮಿ ಹಿಂಗ ಮಾಡಬ್ಯಾಡವಾ. ಅಂವ ಭಾಳ ಸಂಕಟ ಪಟ್ಟಾನ.”

“ಇಲ್ಲ ಅಕ್ಕ, ಮಾಡಲ್ಲ,” ಅಂದೆ.

ನಿಷ್ಠಾವಂತ ಅತಿಥಿ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರು ಗಡಿಯಾರ ನೋಡಿದರು.

“ಲಗೂ ಏಳಕ್ಕಾ,” ಅಂದರು. “ಸೇತುವೆ ಮ್ಯಾಲೆ ಟ್ರಾಫಿಕ್ ಇರ್ತೈತಿ.”