ತಮ್ಮನಿಗಿಟ್ಟ ಎಂಜಲು ಎಡೆ

ನನ್ನ ತಮ್ಮ ಐವತ್ತು ವರ್ಷಕ್ಕೂ ಮಿಕ್ಕಿ ಬದುಕಿದ. ಅಷ್ಟು ಕಾಲವೂ ನಮ್ಮನ್ನೆಲ್ಲ ಅನುಮಾನದಿಂದಲೇ ನೋಡಿದ. ಹುಟ್ಟಿನಿಂದಲೇ ಅವನ ಕೈಕಾಲು ಸೆಟೆದುಕೊಂಡಿದ್ದವು. ಕತ್ತು ನಿಲ್ಲಲಿಲ್ಲ, ಮಾತು ಬರಲಿಲ್ಲ, ಮೂಗಿನ ಮೇಲೆ ನೊಣ ಕೂತರೆ ಓಡಿಸುವುದಕ್ಕೂ ಇನ್ನೊಬ್ಬರು ಬರಬೇಕಿತ್ತು. ದೇವರು ಅವನ ಸ್ವಾಧೀನಕ್ಕೆ ಬಿಟ್ಟುಕೊಟ್ಟಿದ್ದು ಕಣ್ಣು ಮತ್ತು ತುಟಿ ಮಾತ್ರ. ಕಣ್ಣಿನಿಂದ ವಿಚಾರಣೆ ನಡೆಸುತ್ತಿದ್ದ, ತುಟಿಯಿಂದ ತೀರ್ಪು ಕೊಡುತ್ತಿದ್ದ. ತುಟಿ ಬಿಗಿದನೆಂದರೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅನುಮಾನ ನಮ್ಮ ಸೀಮೆಯಲ್ಲಿ ದುರ್ಗುಣವಲ್ಲ, ಕಸುಬು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ಸುಲಿದು ಒಡೆಯುವ ತನಕ ಒಳಗಿರುವುದು ಕೊಬ್ಬರಿಯೋ ಕೊಳೆತದ್ದೋ ಬ್ರಹ್ಮನಿಗೂ ತಿಳಿಯದು. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆಯೇ ಎಂದು ಆಲಿಸುತ್ತೇವೆ. ಆಲಿಸಿದ ಮೇಲೂ ನಂಬುವುದಿಲ್ಲ. ತಮ್ಮನ ಮಂಚ ಆ ಅಟ್ಟದ ಕೆಳಗೇ ಇತ್ತು. ಮನೆಗೆ ಬಂದವರನ್ನು ಅವನೂ ಹಾಗೆಯೇ ಕಣ್ಣಲ್ಲೇ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದ. "ಅಯ್ಯೋ ಪಾಪ" ಎಂದು ಲೊಚಗುಟ್ಟುವ ನೆಂಟರನ್ನು ಕಂಡರೆ ಕಣ್ಣು ಮುಚ್ಚಿಬಿಡುತ್ತಿದ್ದ. ಅವರ ಬಗ್ಗೆ ನನಗೂ ಸಂಶಯವಿತ್ತೆನ್ನಿ. ಲೊಚಗುಟ್ಟಿದ ಅದೇ ಬಾಯಲ್ಲಿ ಕಾಫಿಗೆ ಸಕ್ಕರೆ ಸಾಲದು ಎನ್ನುತ್ತಿದ್ದರು.

ಈ ಅನುಮಾನಕ್ಕೆ ಒಂದು ಚರಿತ್ರೆ ಇದೆ. ಅವನು ಚಿಕ್ಕವನಿದ್ದಾಗ ಅಪ್ಪ ಯಾರದೋ ಮಾತು ಕೇಳಿ ನಾಟಿ ಔಷಧದ ಪುಡಿ ತಂದಿದ್ದರು. ಅದನ್ನು ಬಾಳೆಹಣ್ಣಿನೊಳಗೆ ಅಡಗಿಸಿ, ನಗುನಗುತ್ತ ಅವನ ಬಾಯಿಗಿಟ್ಟರು. ಹಣ್ಣಿನೊಳಗಿನ ಕಹಿ ನಾಲಗೆಗೆ ತಾಗಿದ್ದೇ ತಡ, ಮನುಷ್ಯಕುಲದ ಮೇಲೆ ಅವನಿಗಿದ್ದ ವಿಶ್ವಾಸ ಅಂದಿಗೆ ಮುಗಿಯಿತು. ಏನು ಕೊಟ್ಟರೂ ಬಾಯಿ ತೆರೆಯಲೊಲ್ಲ. ಕೊನೆಗೆ ಅವ್ವ ಅವನ ತಟ್ಟೆಯಿಂದ ಒಂದು ತುತ್ತು ತಾನು ತಿಂದು ತೋರಿಸಿದಳು. ಅವನು ಅವಳ ಗಂಟಲನ್ನೇ ನೋಡಿದ. ತುತ್ತು ಇಳಿದದ್ದು ಖಾತ್ರಿಯಾದ ಮೇಲೆ ಬಾಯಿ ಬಿಟ್ಟ.

ಅಲ್ಲಿಂದ ಅದೇ ಮನೆಯ ಕಾನೂನಾಯಿತು. ಮೊದಲ ತುತ್ತು ಉಣ್ಣಿಸುವವರಿಗೆ, ಎರಡನೆಯದು ಅವನಿಗೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಆ ಮಟ್ಟಿಗೆ ತಾಲ್ಲೂಕಿನ ಸಮಸ್ತ ಗಂಡಸರಿಗೂ ಅವನು ಸಮ. ಆದರೆ ಅವನಿಗೆ ಗಂಟಲು ಕಟ್ಟುತ್ತಿದ್ದುದರಿಂದ ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಬೆರಳಲ್ಲಿ ತೆಗೆದು ತೆಗೆದು ಕೊಡಬೇಕಿತ್ತು. ಅವ್ವ ಅದನ್ನು ಪೂಜೆಯ ನಿಧಾನದಲ್ಲಿ ಮಾಡುತ್ತಿದ್ದಳು. ನನ್ನ ಹೆಂಡತಿ ಹೊಸದಾಗಿ ಬಂದಾಗ ಒಂದು ಸೋಮವಾರ ಉಪವಾಸವಿದ್ದಳು. ತುತ್ತನ್ನು ತುಟಿಗೆ ತಾಗಿಸಿ ತಿಂದಂತೆ ನಟಿಸಿದಳು. ಅವನು ತುಟಿ ಬಿಗಿದ. ಅವಳು ಹೊರಗೆ ಬಂದು ನನ್ನೊಡನೆ, "ಗಂಟ್ಲು ನೋಡ್ತಾನೆ ಕಣ್ರೀ ಇವ್ನು! ನೀವೇ ಇಷ್ಟು ದಿನ ಆದ್ರೂ ನನ್ ಮುಖ ಸರಿಯಾಗ್ ನೋಡಿಲ್ಲ," ಎಂದಳು. ಉಪವಾಸ ಅಂದಿಗೆ ಮುರಿಯಿತು.

ಮೂರ್ಛೆರೋಗಕ್ಕೆ ಒಂದು ಔಷಧಿ ಕೊಡಬೇಕಿತ್ತು. ನಾನು ಒಮ್ಮೆ ಹಲ್ಲು ಕಿರಿದು, "ಪಾಯಸ ಕಣ್ಲಾ," ಎಂದು ಕೊಡಲು ಹೋದೆ. ನಾನು ಮದುವೆಗೆಂದು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ ಬಿಳಿ ಅಂಗಿಯ ಮೇಲೆ ಆ ಪಾಯಸ ಬಂದು ಕೂತಿತು. ಅವ್ವನ ಪದ್ಧತಿ ಬೇರೆ. ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ಮುಖವನ್ನು ಸುಟ್ಟ ಬದನೆಕಾಯಿ ಮಾಡಿಕೊಂಡು, "ಥೂ! ಬೇವು ಕಣ್ಲಾ ಮಗ. ಆದ್ರೂ ಕುಡೀಬೇಕು," ಎನ್ನುತ್ತಿದ್ದಳು. ಅವನು ಆ ಮುಖವನ್ನು ಪರಾಂಬರಿಸಿ ನೋಡಿ, ಗೊಟಗೊಟ ಕುಡಿಯುತ್ತಿದ್ದ. ಹೀಗೇಕೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಅಪ್ಪ ಎಂದೋ ಹೋಗಿದ್ದರು. ಕೆಲವು ವರ್ಷಗಳ ಹಿಂದೆ ಅವ್ವ ತೀರಿಕೊಂಡಳು. ದಬ್ಬೇಘಟ್ಟಕ್ಕೆ ಕೊಟ್ಟಿದ್ದ ನಮ್ಮ ಅಕ್ಕ ಮೊದಲ ಬಸ್ಸಿಗೆ ಬಂದು, ಅತ್ತು, ಕಣ್ಣೊರೆಸಿಕೊಂಡು ಮೊದಲು ತೆಗೆದುಕೊಂಡ ನಿರ್ಣಯವೆಂದರೆ ತಮ್ಮನಿಗೆ ಹೇಳಬಾರದು ಎಂಬುದು.

"ಅವ್ನಿಗೇನ್ ತಿಳೀತದೆ? ಸುಮ್ನೆ ಗಾಬ್ರಿ ಬೀಳ್ತಾನೆ. ಪಕ್ಕದ್ ಮನೇಗೆ ಎತ್ಕೊಂಡ್ ಹೋಗಿ ಮಲಗ್ಸಿ," ಎಂದಳು.

ಹಾಗೇ ಮಾಡಿದೆವು. ಹೊರಗೆ ತಮಟೆ ಶುರುವಾಯಿತು. ಅಕ್ಕ ಓಡಿಹೋಗಿ, "ಯಾರ್ದೋ ಮದ್ವೆ ಕಣಪ್ಪ," ಎಂದು ನಕ್ಕು ಬಂದಳಂತೆ. ಸಾವಿನ ತಮಟೆಗೂ ಮದುವೆಯ ವಾಲಗಕ್ಕೂ ಇರುವ ಅಂತರ ನಮ್ಮೂರಿನ ಎಳೆಗರುವಿಗೂ ಗೊತ್ತು. ಆದರೆ ದುಃಖದಲ್ಲಿರುವವರು ತಾವು ಹೇಳಿದ್ದನ್ನು ಎಲ್ಲರೂ ನಂಬುತ್ತಾರೆಂದು ನಂಬುತ್ತಾರೆ. ಅವ್ವನನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಎಲ್ಲರೂ ಹೋಗಿ ಗುಡ್ಡೆಗೆ ಹಾಲು ತುಪ್ಪ ಬಿಟ್ಟು ಬಂದೆವು. ಎಲ್ಲರೂ ಎಂದರೆ ಅವನೊಬ್ಬನನ್ನು ಬಿಟ್ಟು.

ಮಣ್ಣು ಮಾಡಿ ಬಂದ ಸಂಜೆಯೇ ತಮ್ಮನನ್ನು ಮಂಚಕ್ಕೆ ತಂದು ಮಲಗಿಸಿದಾಗ ಅವನು ಮೊದಲು ನೋಡಿದ್ದು ಅವ್ವ ಕೂರುತ್ತಿದ್ದ ಮೂಲೆಯನ್ನು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಹೆಂಡತಿ ತಟ್ಟೆ ತಂದು, ಕಾನೂನಿನ ಪ್ರಕಾರ ಮೊದಲ ತುತ್ತು ನುಂಗಿ, ಗಂಟಲನ್ನು ಎತ್ತಿ ತೋರಿಸಿದಳು. ಅವನು ತುಟಿ ಬಿಗಿದ. "ಅವ್ವ ಊರಿಗೆ ಹೋಗೌಳೆ, ಬತ್ತಾಳೆ ಉಣ್ಣಪ್ಪ," ಎಂದು ನಕ್ಕಳು. ಇನ್ನೂ ಬಿಗಿದ.

ಅಂದು ರಾತ್ರಿಯೂ ಇಲ್ಲ, ಮರುದಿನವೂ ಇಲ್ಲ, ಹಾಲು ತುಪ್ಪದ ದಿನವೂ ಇಲ್ಲ. ಬಾಯಿಗೆ ಬಿಟ್ಟ ನೀರು ಕೆನ್ನೆಯ ಮೇಲೆ ಹರಿದುಹೋಗುತ್ತಿತ್ತು. ಆಗ ಅಕ್ಕನಿಗೆ ಒಂದು ಯುಕ್ತಿ ಹೊಳೆಯಿತು. ಅವ್ವನ ಹಳೆಯ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು, ಅವ್ವನ ಹಾಗೆ ಕೆಮ್ಮುತ್ತ ಮಂಚದ ಹತ್ತಿರ ಹೋದಳು. ತಮ್ಮ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಪೊಲೀಸ್ ಠಾಣೆಯಲ್ಲಿಯೂ ಆ ಥರ ನೋಡುವವರಿಲ್ಲ. ಅಕ್ಕ ಸೀರೆಯ ಸೆರಗಲ್ಲೇ ಮುಖ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ತಿಪಟೂರಿನಿಂದ ಬಂದ ಡಾಕ್ಟರು ನೋಡಿ, ನಾಳೆಯೊಳಗೆ ಊಟ ತೆಗೆದುಕೊಳ್ಳದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ, ಆದರೆ ಅವನ ಎದೆ ಅದನ್ನು ತಾಳುತ್ತದೆಂದು ಹೇಳಲಾರೆ ಎಂದರು. ಅಕ್ಕ ಮತ್ತೆ ಅಳತೊಡಗಿದಳು. "ಅವ್ವನ್ ಹಿಂದೇನೇ ಹೊಂಟ ಕಣ್ಲಾ ಇವ್ನು."

ನಾನು ಏನು ಯೋಚಿಸಿದೆನೋ ತಿಳಿಯದು. ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಬೆಳೆದ ಗಂಡಸು, ಒಣಗಿದ ತೆಂಗಿನ ಮಟ್ಟೆಯಷ್ಟು ಹಗುರವಾಗಿದ್ದ. "ಎಲ್ಲಿಗ್ಲಾ?" ಎಂದು ಅಕ್ಕ ಕೂಗಿದಳು. ತೋಟಕ್ಕೆ ನಡೆದೆ. ದಾರಿಯುದ್ದಕ್ಕೂ ಅವನು ನನ್ನ ಗಲ್ಲದ ಕೆಳಗಿನಿಂದ ನನ್ನನ್ನೇ ಅನುಮಾನಿಸುತ್ತಿದ್ದ.

ಗುಡ್ಡೆಯ ಮೇಲಿನ ಹೂ ಬಾಡಿತ್ತು. ಅವನನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತು ಹೇಳಿದೆ:

"ಅವ್ವ ಸತ್ತೋದ್ಲು ಕಣ್ಲಾ. ಮದ್ವೆ ಅಂದಿದ್ದು ಸುಳ್ಳು. ಊರಿಗ್ ಹೋಗೌಳೆ ಅಂದಿದ್ದೂ ಸುಳ್ಳು. ಇಲ್ಲೇ ಮಣ್ಣು ಮಾಡಿದ್ದೀವಿ."

ನನ್ನ ಮುಖ ಏನಾಗಿತ್ತೋ ನಾನು ಕಾಣೆ. ಅವ್ವನ ಸುಟ್ಟ ಬದನೆಕಾಯಿಗೆ ಹತ್ತಿರ ಬಂದಿದ್ದಿರಬೇಕು. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣು ಕೆಳಗಿಳಿಸಿ ನನ್ನ ಗಂಟಲನ್ನು ನೋಡಿದ. ಅಲ್ಲಿ ಏನೋ ಕಟ್ಟಿಕೊಂಡು ಮೇಲಕ್ಕೂ ಬರದೆ ಕೆಳಕ್ಕೂ ಇಳಿಯದೆ ಇತ್ತು. ಆಗ ಅವನ ಬಾಯಿಂದ ಒಂದು ಸದ್ದು ಹೊರಟಿತು. ಕರು ಕಟ್ಟಿದ ಗೂಟದಲ್ಲಿ ಕೂಗುವ ಹಾಗೆ, ನಿಲ್ಲಿಸದೆ ಕೂಗಿದ. ಹಿಂದೆಯೇ ಬಂದಿದ್ದ ನನ್ನ ಹೆಂಡತಿ ತಂಬಿಗೆಯಲ್ಲಿ ಹಾಲು ತಂದಿದ್ದಳು. ಅವನ ಸೆಟೆದ ಮುಷ್ಟಿಯ ಮೇಲೆ ಹಾಲು ಬಿಟ್ಟೆವು. ಅಲ್ಲಿಂದ ಅದು ಗುಡ್ಡೆಗೆ ಇಳಿಯಿತು.

ಮನೆಗೆ ಬಂದು ನಾನು ಒಂದು ತುತ್ತು ನುಂಗಿದೆ. ಅವನು ಬಾಯಿ ತೆರೆದ. ಅಂದಿಗೆ ನನ್ನನ್ನು ಪೂರ್ತಿ ನಂಬಿದ ಎಂದಲ್ಲ. ಎರಡನೆಯ ತುತ್ತಿಗೂ ನನ್ನ ಗಂಟಲು ಪರೀಕ್ಷಿಸಿದ. ಮೊದಲ ತುತ್ತಿನ ನಂತರ ಅವ್ವನಿಗೆ ಎಂದೂ ಆ ಶಿಕ್ಷೆ ಇರಲಿಲ್ಲ.

ಆಮೇಲೆ ಅವನು ಕೆಲವು ವರ್ಷ ನನ್ನ ಕೈಯಲ್ಲೇ ಉಂಡ. ಅವನ ದೆಸೆಯಿಂದ ಎರಡೆರಡು ಸಲ ಉಂಡು ನನಗೆ ಹೊಟ್ಟೆ ಬಂತು. ಹೋದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಹೋದ. ಅವ್ವನ ಪಕ್ಕದಲ್ಲೇ ಇಟ್ಟೆವು.

ಈ ಸಲದ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕಿದೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುವುದು ಪದ್ಧತಿ. ಅವರು ಬಂದು ಉಂಡು ಹೋಗುತ್ತಾರೆ. ಉಂಡರೂ ಎಲೆಯ ಮೇಲಿನದು ಯಾಕೆ ಕಡಿಮೆಯಾಗುವುದಿಲ್ಲ ಎಂದು ಕೇಳುವಷ್ಟು ಅನುಮಾನ ನಮ್ಮ ಸೀಮೆಯವರಿಗೂ ಇಲ್ಲ. ಆ ಅಡುಗೆಯನ್ನು ಮೊದಲೇ ಯಾರೂ ರುಚಿ ನೋಡಕೂಡದು, ಮೂಸಿಯೂ ನೋಡಕೂಡದು. ನಾನು ಅವನ ಎಲೆಯಿಂದ ಒಂದು ತುತ್ತು ಮುರಿದೆ.

"ಲೋ! ಎಂಜ್ಲೆಡೆ ಇಡ್ತೀಯೇನ್ಲಾ?" ಅಕ್ಕ ಗದರಿದಳು. "ಹಿರೇರು ಮುಟ್ತಾರಾ? ಅವ್ವ ಅಪ್ಪ ಎಲ್ಲಾ ಹಸ್ಕಂಡ್ ಹೋಗ್ತಾರೆ."

"ಎಂಜಲಾಗ್ದಿದ್ರೆ ಅವ್ನು ಮುಟ್ಟಲ್ವಲ್ಲಕ್ಕ."

ನನ್ನ ಹೆಂಡತಿ ಅವನ ಎಲೆಯನ್ನು ಎಳೆದು, ಉಳಿದ ಎಲೆಗಳಿಂದ ಒಂದು ಮೊಳ ದೂರಕ್ಕೆ, ಅವನ ಫೋಟೊದ ಮುಂದೆ ಇಟ್ಟಳು. ಅದು ಅವನ ಆಧಾರ್ ಕಾರ್ಡಿನ ಪಟವನ್ನೇ ದೊಡ್ಡದು ಮಾಡಿಸಿದ್ದು. ಅದರಲ್ಲೂ ಫೋಟೊ ತೆಗೆಯಲು ಬಂದವನನ್ನು ಕಳ್ಳನೆಂಬಂತೆ ನೋಡುತ್ತಿದ್ದಾನೆ.

ನಾನು ತುತ್ತನ್ನು ಬಾಯಿಗಿಟ್ಟುಕೊಂಡೆ. ಅಕ್ಕ ಧೂಪದ ಹೊಗೆಯ ಆ ಕಡೆಯಿಂದ ಬಗ್ಗಿ ನನ್ನ ಕತ್ತನ್ನೇ ನೋಡಿದಳು.

"ಬಾಯಲ್ಲೇ ಮಡಿಕ್ಕಂಡಿದ್ದೀಯ. ನುಂಗ್ಲಾ. ಅವ್ನು ನೋಡ್ತವ್ನೆ."

ಸ್ವಲ್ಪ ಹೊತ್ತು ಹಿಡಿಯಿತು. ನುಂಗಿದೆ. ಅಕ್ಕ ಖಾತ್ರಿ ಮಾಡಿಕೊಂಡು ಕೋಣೆಯ ಬಾಗಿಲು ಎಳೆದಳು.