ಏಳು ಪಬ್ಬಿನ ಊರಿನಲ್ಲಿ ಹನ್ನೆರಡು ಪಬ್ಬು

ಫಿಂಟನ್ ಲವೆಲ್‌ನನ್ನು ಯಾರಾದರೂ ಮಾಲೆಂದು ನನ್ನ ಅಂಗಡಿಯ ಬಾಗಿಲಿಗೆ ತಂದಿಳಿಸಿದ್ದರೆ, ರಸೀದಿಗೆ ಸಹಿ ಹಾಕುವ ಮೊದಲು ನಾನು ಎರಡು ಸಲ ತಿರುಗಿಸಿ ನೋಡುತ್ತಿದ್ದೆ. ಎಡ ಭುಜ ಬಲಕ್ಕಿಂತ ತಗ್ಗು. ಬಿಯರ್ ಪೀಪಾಯಿ ಹೊತ್ತು ಹೊತ್ತು ಹಾಗಾದದ್ದು. ಬೆರಳುಗಳು ಪೈಪು ತೊಳೆಯುವ ಔಷಧಕ್ಕೆ ಬೆಂದು ಬಿಳಿಚಿಕೊಂಡಿವೆ. ತಲೆಯ ಮುಂಭಾಗ ಖಾಲಿ, ದಾಸ್ತಾನೆಲ್ಲ ಹಿಂದೆ. ಬಣ್ಣ ಹೋದ ಮಾಲು, ಆದರೆ ನೇಯ್ಗೆ ಗಟ್ಟಿ. ಹೊರಗೆ ತೂಗುಹಾಕಿದರೆ ಒಬ್ಬರೂ ಮುಟ್ಟಿ ನೋಡದ, ಕೊಂಡುಹೋದವರು ಒಬ್ಬರೂ ವಾಪಸು ತರದ ಅಂಗಿ ಇರುತ್ತದಲ್ಲ, ಆ ಜಾತಿ. ಇಷ್ಟು ವರ್ಷ ಬಟ್ಟೆ ಮಾರಿದ್ದೇನೆ, ಅಂಥ ಅಂಗಿಗಳು ವರ್ಷಕ್ಕೆ ಒಂದೋ ಎರಡೋ ಬರುತ್ತವೆ.

ಅವನ ಕೆಲಸ ಪಬ್ಬುಗಳ ಬಿಯರ್ ಪೈಪು ತೊಳೆಯುವುದು. ನೆಲಮಾಳಿಗೆಯ ಪೀಪಾಯಿಯಿಂದ ಮೇಲಿನ ನಲ್ಲಿಯ ತನಕ ಓಡುವ ಪೈಪು ಕೆಲವು ವಾರ ತೊಳೆಯದಿದ್ದರೆ ಎಂಥ ಒಳ್ಳೆಯ ಬಿಯರೂ ಹುಳಿ ನಾರುತ್ತದೆ. ಮೇಯೋ ಕೌಂಟಿಯ ಈ ಮೂಲೆಯಲ್ಲಿ ಅದನ್ನು ತೊಳೆಯುವವನು ಫಿಂಟನ್. ಅವನ ವ್ಯಾನಿನ ಬಾಗಿಲು ತೆರೆದರೆ ಅರ್ಧ ಬೀದಿಗೆ ಅಮಲೇರುತ್ತದೆ. ಡಬ್ಲಿನ್ ಕಡೆಯಿಂದ ಹೊಸದಾಗಿ ಬಂದ ಪೊಲೀಸಿನವನೊಬ್ಬ ಒಮ್ಮೆ ಅವನನ್ನು ತಡೆದು, ಕಿಟಕಿಯಲ್ಲಿ ಮೂಗು ತೂರಿಸಿ, "ಎಷ್ಟು ಕುಡಿದಿದೀರಿ ಸ್ವಾಮಿ?" ಎಂದು ಕೇಳಿದನಂತೆ. "ನಾನು ಚಹಾ ಕುಡಿದಿದೀನಿ. ವ್ಯಾನಿನ ವಿಷಯ ನಂಗೊತ್ತಿಲ್ಲ" ಎಂದನಂತೆ ಇವನು.

ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಸುರಂಗ ಅಗೆದವನು. ತಾಯಿಗೆ ಮೈ ಸರಿಯಿಲ್ಲವೆಂದು ಒಂದು ವಾರಕ್ಕೆ ಬಂದವನು ಮತ್ತೆ ಹೋಗಲೇ ಇಲ್ಲ. ಮದುವೆಯಾಗಲಿಲ್ಲ. ಈಗ ಅಕ್ಕನ ಜೊತೆ ಊರಾಚೆಯ ಮನೆಯಲ್ಲಿದ್ದಾನೆ. ಅಕ್ಕ ಕೋಳಿಗಳ ಜೊತೆ ಮಾತಾಡುತ್ತಾಳೆ, ಇವನು ಯಾರ ಜೊತೆಯೂ ಹೆಚ್ಚು ಮಾತಾಡುವುದಿಲ್ಲ. ಹಾಡುವುದಿಲ್ಲ, ಪಿಟೀಲು ಬಾರಿಸುವುದಿಲ್ಲ, ಕುದುರೆಗೆ ಹಣ ಕಟ್ಟುವುದಿಲ್ಲ. ನಮ್ಮೂರಿನಲ್ಲಿ ಇಷ್ಟೆಲ್ಲ ಇಲ್ಲದ ಗಂಡಸನ್ನು ಜನ ಅನುಮಾನದಿಂದ ನೋಡುತ್ತಾರೆ. ಆದರೆ ಅವನಿಗೊಂದು ವಿದ್ಯೆಯಿದೆ. ದಾರಿ ಹಾಕುತ್ತಾನೆ.

ಗೆಳೆಯರೆಲ್ಲ ಕೂಡಿ ಒಂದು ಸಂಜೆ ಪಬ್ಬಿನಿಂದ ಪಬ್ಬಿಗೆ ಹೊರಟರೆ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕೂರುವುದು, ಎಲ್ಲಿ ನಿಂತೇ ಮುಗಿಸುವುದು: ಇದನ್ನು ಹೇಳುವವನು ಫಿಂಟನ್. ಮದುಮಗನ ಗೆಳೆಯರು ಕೇಳುತ್ತಾರೆ. ಬಾಸ್ಟನ್ನಿನಿಂದ ರಜೆಗೆ ಬಂದ ದಾಯಾದಿಗಳು ಕೇಳುತ್ತಾರೆ. ಊರಿನ ಜನ ಇದರಲ್ಲಿ ಏನೋ ಗಹನವಾದದ್ದಿದೆ ಎಂದು ನಂಬಿದ್ದರು. ನಾನು ಮಾಲಿನ ಮೂಲ ಹುಡುಕುವ ಮನುಷ್ಯ. ಒಮ್ಮೆ ಕೇಳಿಯೇಬಿಟ್ಟೆ.

"ಗುಟ್ಟೇನಿಲ್ಲ ಕಣೋ. ಆ ವಾರ ಯಾವ ಪೈಪು ತೊಳ್ದಿದೀನೋ ಆ ಪಬ್ಬು ಮೊದಲು" ಎಂದ.

"ಮತ್ತೆ ಡರ್ಕನ್ ಪಬ್ಬು ಯಾವಾಗಲೂ ಮೊದಲೇ ಯಾಕೆ?"

ಡರ್ಕನ್ ನಮ್ಮೂರಿನ ಪಬ್ಬಿನ ಯಜಮಾನನೂ ಹೌದು, ಶವಸಂಸ್ಕಾರದ ಏರ್ಪಾಡು ಮಾಡುವವನೂ ಹೌದು. ಪಬ್ಬಿನ ಹಿಂದಿನ ಕೋಣೆಯಲ್ಲಿ ಶವದ ಪೆಟ್ಟಿಗೆಗಳಿರುತ್ತವೆ.

"ಅಲ್ಲಿಗೆ ಮೊದಲೇ ಹೋಗಿ ಮುಗಿಸ್ಬೇಕು. ಕೊನೇಲಿ ಹೋದ್ರೆ ಜನ ಪೆಟ್ಟಿಗೆ ನೋಡಿ ಅಳೋಕೆ ಶುರು ಮಾಡ್ತಾರೆ."

ಅವನ ದಾರಿಗಳಲ್ಲಿ ದೊಡ್ಡದು ಡಿಸೆಂಬರಿನದು. ಕ್ರಿಸ್‌ಮಸ್‌ಗೆ ಮುಂಚೆ ಒಂದು ಸಂಜೆ, ಕಣ್ಣಿಗೆ ಹೊಡೆಯುವ ಸ್ವೆಟರು ತೊಟ್ಟು ಹನ್ನೆರಡು ಪಬ್ಬು ಮುಗಿಸುವುದು ಈಗ ದೇಶದಲ್ಲೆಲ್ಲ ರೂಢಿ. ಪ್ರತಿ ಪಬ್ಬಿಗೂ ಒಂದು ನಿಯಮ: ಇಲ್ಲಿ ಎಡಗೈಯಲ್ಲಿ ಕುಡಿಯಬೇಕು, ಅಲ್ಲಿ ಹೆಸರು ಹಿಡಿದು ಕರೆಯಬಾರದು, ಇನ್ನೊಂದರಲ್ಲಿ ಮಳೆಯ ಮಾತು ಎತ್ತಬಾರದು. ಕೊನೆಯದು ಮೇಯೋದಲ್ಲಿ ಬಲು ಕಷ್ಟ. ನಮ್ಮೂರಿನಲ್ಲಿರುವುದು ಏಳೇ ಪಬ್ಬು. ಫಿಂಟನ್ ಅದನ್ನು ಹನ್ನೆರಡು ಮಾಡಿದ್ದಾನೆ. ಡರ್ಕನ್ ಪಬ್ಬಿಗೆ ಮುಂಬಾಗಿಲಿಂದ ಹೋದರೆ ಒಂದು, ಹಿಂಬಾಗಿಲಿಂದ ಹೋದರೆ ಇನ್ನೊಂದು. ಹೆನಿಗನ್ ಪಬ್ಬಿನೊಳಗೇ ಮೊಳೆ-ಬಣ್ಣ ಮಾರುವ ಅಂಗಡಿಯೂ ಇದೆ. ಅಲ್ಲಿ ಮೊಳೆಯ ಡಬ್ಬಗಳ ಪಕ್ಕ ನಿಂತು ಕುಡಿದರೆ ಬೇರೆ ಲೆಕ್ಕ. ಉಳಿದ ಮೂರೂ ಹೀಗೇ. ನಾನು ಮೀಟರಿನಲ್ಲಿ ಬಟ್ಟೆ ಅಳೆಯುವವನು, ಒಂದು ಮೀಟರನ್ನು ಹೀಗೆ ಎಳೆಯಲು ನನಗೂ ಬಂದಿಲ್ಲ.

ನಮ್ಮ ಗುಂಪಿನಲ್ಲಿ ಐವರು. ಫಿಂಟನ್, ನಾನು, ದನದ ಡಾಕ್ಟರು ಜಾರ್ಲತ್, ತಲೆಗೂದಲು ಕತ್ತರಿಸುವ ಅಟ್ರಾಕ್ಟಾ, ಶಾಲೆಯ ಬಸ್ಸು ಓಡಿಸುವ ಲೊರ್ಕನ್. ಲೊರ್ಕನ್‌ನ ದನಿ ಬಸ್ಸಿಗಿಂತ ಜೋರು, ಮನಸ್ಸು ಒಳ್ಳೆಯದು, ಮಾತು ನಿಲ್ಲುವುದಿಲ್ಲ. ವಾರವೆಲ್ಲ ನಾನು ಜನರಿಗೆ "ಇದು ನಿಮಗೆ ಚೆನ್ನಾಗಿ ಒಪ್ಪುತ್ತೆ" ಎಂದು ಹೇಳಿಕೊಂಡಿರುವವನು. ನಿಜ ಮಾತಾಡುವುದಕ್ಕೆ ನನಗೆ ಇದ್ದದ್ದು ಶುಕ್ರವಾರ ಈ ನಾಲ್ವರ ಜೊತೆಯ ಸಂಜೆ ಒಂದೇ.

ಆರು ವರ್ಷದ ಹಿಂದೆ, ಶರತ್ಕಾಲದಲ್ಲಿ, ಕ್ಯಾಸಲ್‌ಬಾರಿನ ಹೃದಯದ ವೈದ್ಯೆ ನನ್ನ ಎದೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಮಾತ್ರೆ ಬರೆದುಕೊಟ್ಟು, "ಇನ್ನು ಮೇಲೆ ಒಂದು ತೊಟ್ಟೂ ಬೇಡ" ಎಂದರು. ಕ್ರಿಸ್‌ಮಸ್‌ಗೆ ಒಂದು ಎಂದು ಚೌಕಾಸಿ ಮಾಡಿದೆ. ಅವರು ಒಂದೇ ಬೆಲೆಯ ಅಂಗಡಿಯವರು.

ಕುಡಿತ ಬಿಡುವುದು ನನಗೆ ಅಷ್ಟು ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ಸರದಿಯಲ್ಲಿ. ನಮ್ಮಲ್ಲಿ ಯಾರೂ ತಮ್ಮ ಗ್ಲಾಸು ತಾವು ತರುವುದಿಲ್ಲ. ಐವರು ಕೂತರೆ ಒಬ್ಬ ಎದ್ದು ಐದು ಗ್ಲಾಸು ತರುತ್ತಾನೆ, ಅದು ಮುಗಿಯುವ ಹೊತ್ತಿಗೆ ಇನ್ನೊಬ್ಬ ಏಳುತ್ತಾನೆ. ನಿಮ್ಮ ಗ್ಲಾಸಿನಲ್ಲಿ ಏನಿರಬೇಕೆಂದು ಕೇಳುವವನು ಇನ್ಯಾರೋ. ನಡುವೆ ಬೇಡವೆಂದವನನ್ನು ಏಕೆಂದು ಕೇಳುತ್ತಾರೆ. ಏಕೆಂದು ಹೇಳಿದರೆ ಅಟ್ರಾಕ್ಟಾಳ ಕುರ್ಚಿಯಲ್ಲಿ ತಲೆಗೂದಲು ಕತ್ತರಿಸಿಕೊಳ್ಳುವ ಹೆಂಗಸರಿಗೆಲ್ಲ ಗೊತ್ತಾಗುತ್ತದೆ, ಮರುವಾರ ಗಿರಾಕಿಗಳು ನನ್ನ ಮುಖ ನೋಡಿ, ಅಂಗಡಿ ಮುಚ್ಚುವ ರಿಯಾಯಿತಿ ಮಾರಾಟ ಯಾವಾಗ ಎಂದು ಲೆಕ್ಕ ಹಾಕತೊಡಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆ ನಾಲ್ವರು ನನ್ನೆದುರು ದನಿ ತಗ್ಗಿಸಿ ಮಾತಾಡುವುದು ನನಗೆ ಬೇಕಿರಲಿಲ್ಲ. ಕಾಯಿಲೆಯವನ ಪಕ್ಕ ಕೂತು ಯಾರೂ ಅವನನ್ನು ಹಂಗಿಸುವುದಿಲ್ಲ. ಹಂಗಿಸದ ಗೆಳೆಯರನ್ನು ಇಟ್ಟುಕೊಂಡು ನಾನೇನು ಮಾಡಲಿ.

ಮೊದಲ ಶುಕ್ರವಾರ ಹಲ್ಲುನೋವಿನ ಮಾತ್ರೆ ಎಂದೆ. ಎರಡನೆಯದಕ್ಕೆ ಕಾರು ಓಡಿಸಬೇಕು ಎಂದೆ. ಮನೆ ಪಬ್ಬಿನಿಂದ ಕಾಣುತ್ತದೆ. ಮೂರನೆಯದಕ್ಕೆ, ಸೇತುವೆ ಪಕ್ಕದ ಗಿಲ್‌ರಾಯ್ ಪಬ್ಬಿನ ಯಜಮಾನಿತಿಯನ್ನು ಮೊದಲೇ ಕಂಡು ಒಪ್ಪಂದ ಮಾಡಿಕೊಂಡೆ: ಯಾರೇ ಕೇಳಲಿ, ನನ್ನ ಗ್ಲಾಸಿಗೆ ಮಾತ್ರ ಅಮಲಿಲ್ಲದ ಕಪ್ಪು ಬಿಯರನ್ನು ಡಬ್ಬಿಯಿಂದ ಒಳಗೇ ಬಗ್ಗಿಸಿ ತರಬೇಕು. ತಂದಳು. ಜಾರ್ಲತ್‌ಗೆ ಗೊತ್ತಾಗಲಿಲ್ಲ. ಲೊರ್ಕನ್‌ಗೆ ಏನೂ ಗೊತ್ತಾಗುವುದಿಲ್ಲ. ಫಿಂಟನ್ ನನ್ನ ಗ್ಲಾಸಿನ ನೊರೆಯನ್ನು ನೋಡಿದ, ತನ್ನ ಗ್ಲಾಸಿನ ನೊರೆಯನ್ನು ನೋಡಿದ, ಆಮೇಲೆ ಮಳೆಯ ಮಾತು ತೆಗೆದ.

ಡಿಸೆಂಬರಿನ ಸಂಜೆಗೆ ಈ ಉಪಾಯ ನಡೆಯುತ್ತಿರಲಿಲ್ಲ. ಊರಿನ ಎಲ್ಲ ಪಬ್ಬಿನವರ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡರೆ ಅದು ಗುಟ್ಟಲ್ಲ, ಜಾಹೀರಾತು. ಆ ಸಂಜೆ ದಾಸ್ತಾನು ಎಣಿಸುವುದಿದೆ ಎಂದು ಹೇಳಿ ಮನೆಯಲ್ಲಿ ಕೂರುವುದೆಂದು ತೀರ್ಮಾನಿಸಿದೆ. ನನ್ನ ಹೆಂಡತಿ ಡಿಂಪ್ನಾ, "ಈ ವರ್ಷ ದಾಸ್ತಾನು, ಬರೋ ವರ್ಷ? ಅದರ ಮುಂದಿನ ವರ್ಷ?" ಎಂದಳು.

ಅದೇ ವಾರ ಫಿಂಟನ್ ಅಂಗಡಿಗೆ ಬಂದ. ಪ್ರತಿವರ್ಷ ಗುಂಪಿನ ಸ್ವೆಟರುಗಳನ್ನು ಅವನೇ ಕೊಳ್ಳುತ್ತಾನೆ, ನನ್ನಲ್ಲೇ ಕೊಳ್ಳುತ್ತಾನೆ. ಮೂಗಿನಲ್ಲಿ ಕೆಂಪು ದೀಪ ಉರಿಯುವ ಹಿಮಸಾರಂಗದ ಸ್ವೆಟರನ್ನು ನಾನು ಗಂಭೀರವಾಗಿ ಮಡಿಸಿ ಕೊಡುತ್ತೇನೆ. ಆ ಸಲ ನಾಲ್ಕನ್ನೇ ಆರಿಸಿ ಇಟ್ಟ.

"ನಾಲ್ಕೇನಾ?" ಎಂದೆ. ನಾನು ಬರುವುದಿಲ್ಲವೆಂದು ಇನ್ನೂ ಯಾರಿಗೂ ಹೇಳಿರಲಿಲ್ಲ.

"ನಾಲ್ಕೇ. ಇನ್ನೊಂದು ಬೇರೆ ಬೇಕು. ಅಂಪೈರುಗಳ ಬಿಳಿ ಕೋಟು ಇದೆಯಾ?"

ನಮ್ಮ ಗೇಲಿಕ್ ಫುಟ್‌ಬಾಲಿನಲ್ಲಿ ಗೋಲುಕಂಬದ ಪಕ್ಕ ಬಿಳಿ ಕೋಟು ತೊಟ್ಟು, ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಆ ಕೋಟು. ಇಡೀ ಊರಿನ ತಂಡಕ್ಕೆ ನಾನೇ ಸರಬರಾಜು.

"ಇದೆ. ಯಾರಿಗೆ?"

"ಈ ಸಲ ದಾರಿಗೆ ಒಬ್ಬ ಅಂಪೈರು ಇರ್ಬೇಕು ಅನ್ಕೊಂಡೆ. ಹೋದ ವರ್ಷ ಲೊರ್ಕನ್ ನಿಯಮ ಎಲ್ಲಾ ಮುರಿದು, ಮುರಿದೇ ಇಲ್ಲ ಅಂತ ವಾದ ಮಾಡ್ದ. ನೋಡ್ಕೊಳ್ಳೋಕೆ ಒಬ್ಬ ಬೇಕು."

"ಅಳತೆ ಹೇಳು."

ಅವನು ಗೋಡೆಯ ಮೇಲಿನ ಕಾಲುಚೀಲಗಳನ್ನು ನೋಡುತ್ತ ಹೇಳಿದ. "ಎದೆ ಅಗಲ. ಹೊಟ್ಟೆ ಅದಕ್ಕಿಂತ ಅಗಲ. ತೋಳು ಗಿಡ್ಡ. ಕೊರಳಿನ ಹತ್ರ ಸಡಿಲ ಇರ್ಲಿ, ಆ ಮನುಷ್ಯ ಕೊರಳಿನ ಗುಂಡಿ ಹಾಕಲ್ಲ."

ನಾನು ಅಳತೆಪಟ್ಟಿ ಎಳೆಯಲಿಲ್ಲ. ಆ ಹೊಟ್ಟೆಗೆ, ಆ ತೋಳಿಗೆ ಮೂವತ್ತು ವರ್ಷದಿಂದ ನಾನೇ ಬಟ್ಟೆ ಹೊಲಿಸುತ್ತಿದ್ದೇನೆ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ಮೇಲಿನ ಹಲಗೆಯಿಂದ ದೊಡ್ಡ ಅಳತೆಯದನ್ನು ತೆಗೆದು ಕೌಂಟರಿನ ಮೇಲಿಟ್ಟೆ.

"ಅಂಪೈರು ಕುಡಿಯೋ ಹಾಗಿಲ್ಲ" ಎಂದ ಫಿಂಟನ್, ಇನ್ನೂ ಕಾಲುಚೀಲಗಳಿಗೇ. "ಆದ್ರೆ ಸರದಿ ಬಂದಾಗ ಎಲ್ರಿಗೂ ತರ್ಬೇಕು. ಅದ್ರಲ್ಲಿ ವಿನಾಯಿತಿ ಇಲ್ಲ."

"ಅದೆಂಥ ನ್ಯಾಯ ಮಾರಾಯಾ?"

"ಅಂಪೈರಿಗೆ ನ್ಯಾಯ ಕೇಳೋ ಹಕ್ಕಿಲ್ಲ. ಕೊಡೋದಷ್ಟೇ ಕೆಲಸ." ಕಟ್ಟನ್ನು ಕಂಕುಳಲ್ಲಿಟ್ಟು ಹೋದ.

ಹನ್ನೆರಡು ಪಬ್ಬಿನ ಸಂಜೆ ಬಂತು, ಬೆಳಕಿರುವಾಗಲೇ ಡರ್ಕನ್‌ನ ಮುಂಬಾಗಿಲಲ್ಲಿ ಸೇರಿದೆವು. ಫಿಂಟನ್ ಆ ಬಿಳಿ ಕೋಟನ್ನು ಕಟ್ಟಿನಿಂದ ತೆಗೆದು ನನ್ನ ಹೆಗಲಿಗೆ ಹಾಕಿ, ಬಿಳಿ ಬಾವುಟ ಒಂದು, ಹಸಿರು ಬಾವುಟ ಒಂದು ಕೈಗೆ ಕೊಟ್ಟ. ಸಣ್ಣ ತಪ್ಪಿಗೆ ಬಿಳಿ, ದೊಡ್ಡದಕ್ಕೆ ಹಸಿರು. ಬಿಳಿಗೆ ಒಂದು ಹಾಡು. ಹಸಿರಿಗೆ ಅಂಪೈರು ತೋರಿಸಿದ ಗ್ಲಾಸನ್ನು ಖಾಲಿ ಮಾಡಬೇಕು.

"ಇವನನ್ನೇ ಯಾಕೆ ಮಾಡಿದೆ?" ಎಂದಳು ಅಟ್ರಾಕ್ಟಾ. "ನಂಗೆ ಕೋಟು ಚೆನ್ನಾಗಿ ಒಪ್ತಿತ್ತು."

"ಇವನು ಅಂಗಡಿಯವನು. ಯಾರು ಅತ್ರೂ ಕರಗಲ್ಲ" ಎಂದ ಫಿಂಟನ್.

ಅದಕ್ಕೆ ಯಾರೂ ಎದುರಾಡಲಿಲ್ಲ. ಸ್ವಲ್ಪ ಬೇಸರವಾಯಿತು.

ನಾಲ್ಕನೆಯದು ಗಿಲ್‌ರಾಯ್ ಪಬ್ಬು. ನಿಯಮ: ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಒಳಗೆ ಜನ ತುಂಬಿ ಕಿಟಕಿಗಳೆಲ್ಲ ಬೆವರಿದ್ದವು. ಲೊರ್ಕನ್‌ನ ಸರದಿ. ಅವನು ಐದು ಗ್ಲಾಸು ಹೊತ್ತು ಬಂದ. ಐದನೆಯದನ್ನು ನನ್ನೆದುರು ಇಟ್ಟ. ನಿಜವಾದ ಕಪ್ಪು ಬಿಯರು, ನೊರೆ ಅಂಚಿನ ಮಟ್ಟಕ್ಕೆ ನಿಂತಿತ್ತು.

"ಅಂಪೈರಾದ್ರೇನು, ಕ್ರಿಸ್‌ಮಸ್ ಅಲ್ವಾ. ಒಂದು ಎತ್ತು" ಎಂದ.

"ಡ್ಯೂಟಿ ಮೇಲಿದೀನಿ" ಎಂದೆ.

"ನಮ್ಮೂರ ಅಂಪೈರುಗಳು ಡ್ಯೂಟಿ ಮೇಲೇ ಹೆಚ್ಚು ಕುಡಿಯೋದು, ಅದಕ್ಕೇ ನಾವು ಸೋಲೋದು." ಪಕ್ಕದ ಮೇಜಿನವರು ನಕ್ಕು ನಮ್ಮ ಕಡೆ ತಿರುಗಿದರು. ಲೊರ್ಕನ್‌ಗೆ ಸಭೆ ಸಿಕ್ಕಿತು. "ಅಲ್ಲ, ನಾನು ಗಮನಿಸ್ತಾನೇ ಇದೀನಿ. ಹಲ್ಲುನೋವು ಅಂದ, ಕಾರು ಅಂದ, ಈಗ ಕೋಟು. ಏನಪ್ಪಾ, ಏನಾದ್ರೂ ಆಗಿದೆಯಾ ನಿಂಗೆ?"

ಜಾರ್ಲತ್ ಗ್ಲಾಸು ಕೆಳಗಿಟ್ಟು ನನ್ನ ಮುಖ ನೋಡಿದ; ಹಸುವಿನ ಹೊಟ್ಟೆ ನೋಡುವಂಥ ನೋಟ. ಅಟ್ರಾಕ್ಟಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಅದು ಇನ್ನೂ ಕೆಟ್ಟ ಲಕ್ಷಣ. ಲೊರ್ಕನ್‌ಗೆ ಏನೂ ಗೊತ್ತಾಗುವುದಿಲ್ಲ ಎಂಬ ನನ್ನ ಅಂದಾಜು ತಪ್ಪಾಗಿತ್ತು. ಫಿಂಟನ್ ಕಡೆ ನೋಡಿದೆ. ಅವನು ತನ್ನ ಗ್ಲಾಸನ್ನು ಮೇಜಿನ ಮೇಲೆ ಒಂದು ಅಂಗುಲ ಪಕ್ಕಕ್ಕೆ ಸರಿಸಿ, ನನ್ನ ಬಾವುಟಗಳ ಮೇಲಿದ್ದ ತನ್ನ ಟೋಪಿಯನ್ನು ಎತ್ತಿಕೊಂಡ.

"ಹೇಳು ಕೋಲ್ಮನ್, ಏನಾಗಿದೆ?" ಎಂದ ಲೊರ್ಕನ್.

ಹಸಿರು ಬಾವುಟ ಎತ್ತಿದೆ.

"ಹೆಸರು ಹಿಡಿದ" ಎಂದೆ. "ತುಂಬಿದ ಸಭೆಯಲ್ಲಿ. ಅದೂ ಅಂಪೈರಿನ ಹೆಸರು. ಈ ಗ್ಲಾಸು ಅವನಿಗೆ."

"ಏ, ಅದು ಲೆಕ್ಕಕ್ಕಿಲ್ಲ, ನಾನು ಕಾಳಜಿಯಿಂದ ಕೇಳ್ದೆ."

"ಕಾಳಜಿಗೆ ವಿನಾಯಿತಿ ಇದೆಯಾ?" ಎಂದು ಫಿಂಟನ್‌ನನ್ನು ಕೇಳಿದೆ.

"ನಾನು ಬರೆದ ನಿಯಮದಲ್ಲಿ ಇಲ್ಲ."

ಪಕ್ಕದ ಮೇಜಿನವರು ಮೇಜು ಗುದ್ದತೊಡಗಿದರು. ಲೊರ್ಕನ್ ನನ್ನ ಗ್ಲಾಸನ್ನು ಎತ್ತಿ ಕುಡಿದು ಮುಗಿಸಿದ. ಅಟ್ರಾಕ್ಟಾ, "ಅಂಗಡಿಯವನ ಕೈಗೆ ಬಾವುಟ ಕೊಟ್ರೆ ಇದೇ ಆಗೋದು, ಒಮ್ಮೆ ಕೊಟ್ಟಿದ್ದನ್ನ ವಾಪಸು ತಗೊಳ್ಳಲ್ಲ" ಎಂದಳು. ಜಾರ್ಲತ್ ನಕ್ಕ. ಮತ್ತೆ ಎಲ್ಲರೂ ನನ್ನನ್ನು ಹಂಗಿಸತೊಡಗಿದರು. ಮುಂದಿನ ಸರದಿ ನನ್ನದು, ಎದ್ದು ಹೋಗಿ ನಾಲ್ಕು ಬಿಯರು, ಒಂದು ನಿಂಬೆ ಸೋಡಾ ತಂದೆ. ಸೋಡಾ ಏಕೆಂದು ಯಾರೂ ಕೇಳಲಿಲ್ಲ. ಅಂಪೈರಲ್ಲವೇ.

ಹೆನಿಗನ್ ಪಬ್ಬಿಗೆ ನಡೆಯುವಾಗ ಉಳಿದ ಮೂವರು ಮುಂದಿದ್ದರು. ಫಿಂಟನ್ ನನ್ನ ಪಕ್ಕ ಬಂದ.

"ಕೋಟು ಬಿಗಿಯಾಯ್ತಾ?"

"ಇಲ್ಲ, ಸರಿಯಾಗಿದೆ."

"ಹಾಗಾದ್ರೆ ಇಟ್ಕೊ. ಬರೋ ವರ್ಷಕ್ಕೂ ಬೇಕಾಗುತ್ತೆ."

ನಮ್ಮಿಬ್ಬರ ನಡುವೆ ಆ ವಿಷಯದ ಮಾತು ಇಷ್ಟೇ. ಅವನು ನನ್ನ ಎದೆಯ ಬಗ್ಗೆ ಕೇಳಿಲ್ಲ, ನಾನು ಹೇಳಿಲ್ಲ. ಈಗ ಬೇರೆ ಗುಂಪಿನವರೂ ತಮ್ಮ ದಾರಿಗೆ ಅಂಪೈರು ಬೇಕೆನ್ನುತ್ತಾರೆ. ಹೋದ ವರ್ಷ ಗರ್ಭಿಣಿ ಶಿಕ್ಷಕಿಯೊಬ್ಬಳು ಬಾವುಟ ಹಿಡಿದಿದ್ದಳು, ಅದರ ಹಿಂದಿನ ವರ್ಷ ಕುಡಿತ ಬಿಟ್ಟ ಬಡಗಿಯೊಬ್ಬ. ಬಿಳಿ ಕೋಟಿನ ವ್ಯಾಪಾರ ಡಿಸೆಂಬರಿನಲ್ಲಿ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ವ್ಯಾಪಾರಿಯಾಗಿ ನಾನು ಸುಳ್ಳು ಹೇಳಿದಂತೆ.

ಈ ಆರು ವರ್ಷದಲ್ಲಿ ನಾನು ಒಂದು ತೊಟ್ಟೂ ಕುಡಿದಿಲ್ಲ, ಗೆಳೆಯರ ಜೊತೆಯ ಒಂದು ಡಿಸೆಂಬರನ್ನೂ ಕಳೆದುಕೊಂಡಿಲ್ಲ. ಮೊದಲನೆಯದಕ್ಕೆ ಕ್ಯಾಸಲ್‌ಬಾರಿನ ವೈದ್ಯೆಗೆ ಋಣಿ, ಎರಡನೆಯದಕ್ಕೆ ಫಿಂಟನ್ ಲವೆಲ್‌ಗೆ.